ಮೋತಿಯ ಹೆಸರಿಗೆ ಬಂದ ಓಲೆ

ಎಮ್ಮೆಯೊಂದು ಗುಟ್ಕಾ ತಿನ್ನುತ್ತಿದೆ ಎಂದು ರಿಯಾಜ್ ಅತ್ತಾರ ಬೆಳ್ಳಂಬೆಳಿಗ್ಗೆ ವರದಿ ಒಪ್ಪಿಸಿದಾಗ ಡಾಕ್ಟರ್ ಮಹಾನಂದಾ ಕಮತಗಿ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯದೆ ಕುರ್ಚಿ ಎಳೆದುಕೊಂಡು ಕೂತಳು.

“ಬರೇ ಗುಟ್ಕಾ ಅಲ್ರಿ ಮೇಡಂ, ಮ್ಯಾಲ ಬಡೇಸೋಪಿನ ಕಾಳು ಬ್ಯಾರೆ ಹಾಕ್ಕೊಂಡೈತಿ,” ಎಂದು ರಿಯಾಜ್ ಪರದೆಯ ಮೇಲೆ ಏರಿಳಿಯುತ್ತಿದ್ದ ಗೆರೆಗಳ ಕಡೆ ಪೆನ್ನು ತೋರಿಸಿದ.

ಆ ತಿಂಗಳಲ್ಲಿ ಇದು ಮೂರನೆಯದು. ಹೋದ ವಾರ ಒಂದು ಆಕಳು ತಲೆಗೆ ಮಲ್ಲಿಗೆ ಎಣ್ಣೆ ಹಚ್ಚಿಕೊಂಡಿತ್ತು. ಅದಕ್ಕೂ ಮುಂಚೆ ಒಂದು ಎತ್ತು ಬೀಡಿ ಸೇದಿತ್ತು. ರಿಯಾಜ್‌ನ ಅಜ್ಜ ಊರೂರು ತಿರುಗಿ ಅತ್ತರು ಮಾರಿದವನು. ಮೊಮ್ಮಗನಿಗೆ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕರೂ ವಾಸನೆ ಹುಡುಕುವ ಚಟ ಬಿಟ್ಟಿರಲಿಲ್ಲ. ಯಾರೂ ಹೇಳದಿದ್ದರೂ ಅವನು ಆಗೊಂದು ಈಗೊಂದು ಉಸಿರು ಹಿಡಿದ ಪಟ್ಟಿಯನ್ನು ಎತ್ತಿಕೊಂಡು ಅದರ ಮೇಲೆ ಇನ್ನೇನೇನು ಅಂಟಿದೆ ಎಂದು ನೋಡುತ್ತಿದ್ದ. ದಿನಕ್ಕೆ ನಾಲ್ಕು ಸಾವಿರ ಪಟ್ಟಿ ಬರುವಲ್ಲಿ ಅವನು ನೋಡುತ್ತಿದ್ದದ್ದು ಹತ್ತೋ ಹನ್ನೆರಡೋ. ಉಳಿದವುಗಳಲ್ಲಿ ಎಷ್ಟು ಎಮ್ಮೆ ಗುಟ್ಕಾ ತಿಂದಿದ್ದವೋ ಆ ದೇವರಿಗೇ ಗೊತ್ತು.

ಇದು ಇನ್ನು ಇಪ್ಪತ್ತು ಇಪ್ಪತ್ತೆರಡು ವರ್ಷಕ್ಕೆ ಬರಬಹುದಾದ ಕಾಲದ ಮಾತು. ಗುಳೇದಗುಡ್ಡದ ಹೊರಗೆ, ಕೆಂಪು ಕಲ್ಲಿನ ಗುಡ್ಡದ ನೆತ್ತಿಯ ಮೇಲೆ ಸರ್ವಜೀವಿ ಅರ್ಬುದ ಕೇಂದ್ರ ಎಂಬ ಕಟ್ಟಡ ಎದ್ದಿತ್ತು. ಅರ್ಬುದ ಎಂದರೆ ಕ್ಯಾನ್ಸರ್. ಸುತ್ತಲಿನ ಹಳ್ಳಿಯವರು ಎರಡು ಹೆಸರನ್ನೂ ಬಾಯಲ್ಲಿ ಹಾಕಿಕೊಳ್ಳದೆ ‘ಉಸುರಿನ ಆಫೀಸು’ ಎಂದು ಕರೆಯುತ್ತಿದ್ದರು. ಅದು ಸರಿಯಾದ ಹೆಸರೇ. ಗಡ್ಡೆಯ ಜೀವಕೋಶಗಳು ಯಾರ ಮೈಯಲ್ಲಿ ಬೆಳೆದರೂ ಹೊಟ್ಟೆಬಾಕತನ ಒಂದೇ. ಎತ್ತಿನ ಕೊಂಬಿನ ಬುಡದಲ್ಲಿ ಎದ್ದದ್ದಿರಲಿ, ನಾಯಿಯ ಮೊಲೆಯಲ್ಲಿ ಎದ್ದದ್ದಿರಲಿ, ಮನುಷ್ಯನ ಕರುಳಿನದಿರಲಿ, ಸಕ್ಕರೆಯನ್ನು ಗಬಗಬ ತಿಂದು ಅರೆಬರೆ ಉರಿಸಿ ಕೆಲವು ಆವಿಗಳನ್ನು ರಕ್ತಕ್ಕೆ ಬಿಡುತ್ತವೆ. ರಕ್ತದಿಂದ ಅವು ಉಸಿರಿಗೆ ಬರುತ್ತವೆ. ಬೆರಳಗಲದ ಬೂದು ಪಟ್ಟಿಯನ್ನು ಮೂಗಿನ ಮುಂದೆ ನೂರು ಉಸಿರು ಹಿಡಿದರೆ ಸಾಕು, ಅವು ಅದರ ಮೇಲೆ ಕೂತುಬಿಡುತ್ತವೆ. ಆ ಪಟ್ಟಿಯನ್ನು ಓದುವ ಯಂತ್ರಕ್ಕೆ ಕೇಂದ್ರದವರು ನಾಯಿಮೂಗು ಎಂದು ಹೆಸರಿಟ್ಟಿದ್ದರು.

ನಾಯಿಮೂಗಿನ ಹೆಚ್ಚುಗಾರಿಕೆಯೆಂದರೆ ಅದಕ್ಕೆ ಜೀವಿಗಳ ಭೇದ ಗೊತ್ತಿರಲಿಲ್ಲ. ಎತ್ತಿನ ಉಸಿರಿನಿಂದ ಕಲಿತದ್ದನ್ನು ತೋಳಕ್ಕೆ ಹಚ್ಚುತ್ತಿತ್ತು, ತೋಳದಿಂದ ಕಲಿತದ್ದನ್ನು ಮನುಷ್ಯರಿಗೆ. ಪಟ್ಟಿ ಯಾರದು ಎಂಬುದನ್ನು ಹೇಳುತ್ತಿದ್ದದ್ದು ಅದರ ಜೊತೆ ಬರುವ ಚೀಟಿ ಮಾತ್ರ. ಆ ಚೀಟಿಯಲ್ಲಿ ಬರೆದಿದ್ದ ಜೀವಿಯನ್ನು, ಅದರ ವಯಸ್ಸನ್ನು ನೋಡಿ ಯಂತ್ರವೇ ಮೂರರಲ್ಲಿ ಒಂದು ಓಲೆಯನ್ನು ಮನೆಯವರ ಫೋನಿಗೆ ಕಳಿಸುತ್ತಿತ್ತು. ಮನುಷ್ಯರಾದರೆ, ನಾಳೆಯೇ ಆಸ್ಪತ್ರೆಗೆ ಬನ್ನಿ ಎಂದು. ಕಾಡುಪ್ರಾಣಿಯಾದರೆ, ಅದನ್ನು ಅದರ ಪಾಡಿಗೆ ಬಿಡಿ ಎಂದು. ಸಾಕಿದ ಪ್ರಾಣಿಯಾಗಿ ವಯಸ್ಸೂ ಆಗಿದ್ದರೆ ಬೇರೊಂದು ಓಲೆ. ಮೂರನ್ನೂ ಬರೆದವಳು ಮಹಾನಂದಾ, ಮೂರರ ಕೆಳಗೂ ಅವಳದೇ ಸಹಿ. ಮೂರನೆಯದನ್ನು ಎಷ್ಟು ಮೆತ್ತಗೆ ಬರೆದಿದ್ದಳೆಂದರೆ ಇಳಕಲ್ಲಿನ ಒಬ್ಬ ಮುದುಕ ತನ್ನ ಎತ್ತಿನ ಫೋಟೋದ ಪಕ್ಕ ಅದಕ್ಕೂ ಕಟ್ಟು ಹಾಕಿಸಿದ್ದ.

ಇಷ್ಟೆಲ್ಲ ಇದ್ದರೂ ಮನುಷ್ಯರು ಎಮ್ಮೆಯ ವೇಷ ಹಾಕುವುದು ನಿಂತಿರಲಿಲ್ಲ. ಮನುಷ್ಯರ ಪಟ್ಟಿ ಆಸ್ಪತ್ರೆಯ ಮೂಲಕ, ಹೆಸರು ವಿಳಾಸದ ಸಮೇತ ಬರಬೇಕಿತ್ತು. ಬಂದ ಫಲಿತಾಂಶ ಮನೆತನದ ಆರೋಗ್ಯ ದಾಖಲೆಗೆ ಸೇರುತ್ತಿತ್ತು. ಹೆಣ್ಣು ಕೇಳಲು ಬಂದವರು ಈಗ ಜಾತಕಕ್ಕಿಂತ ಮೊದಲು ಆ ದಾಖಲೆ ಕೇಳುತ್ತಿದ್ದರು. ಎಮ್ಮೆಗೆ ಅಂಥ ತೊಂದರೆ ಇಲ್ಲವಲ್ಲ. ಪಟ್ಟಿ ಯಾರದೆಂದು ಯಂತ್ರವೇ ಕಂಡುಹಿಡಿಯುವ ಹಾಗೆ ಮಾಡೋಣ ಎಂದು ಮಹಾನಂದಾ ನಿರ್ದೇಶಕರ ಮುಂದೆ ಎರಡು ಸಲ ಹೇಳಿದ್ದಳು. ಭೇದ ಮಾಡದ್ದೇ ಯಂತ್ರದ ಕೀರ್ತಿ, ಸುಳ್ಳು ಬರೆದವರ ಪಾಪ ಬರೆದವರಿಗೆ ಎಂದು ಅವರು ನಕ್ಕಿದ್ದರು. ಮೂರನೆಯ ಸಲ ಹೇಳುವುದು ಹಾಗೇ ಉಳಿದುಹೋಗಿತ್ತು.

ಗುಟ್ಕಾ ತಿಂದ ಎಮ್ಮೆಯ ಮನೆಗೆ ಆ ಊರಿನ ದನಕರುಗಳ ಆರೈಕೆ ನೋಡುವ ಪಶುಸಖಿಯನ್ನು ಕಳಿಸಿ, ಎಮ್ಮೆಯ ಯಜಮಾನನೇ ಆಸ್ಪತ್ರೆಗೆ ಬರಬೇಕೆಂದು ಹೇಳಿಸುವ ಏರ್ಪಾಡು ಮಾಡಿ ಮಹಾನಂದಾ ಕಿಟಕಿಯ ಹತ್ತಿರ ಹೋಗಿ ನಿಂತಳು. ಎಂಟು ದಿನದಿಂದ ಅವಳಿಗೆ ಯಾವುದರಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ. ಕಾರಣ ಹೇಳಿದರೆ ರಿಯಾಜ್ ಕೂಡ ನಕ್ಕಾನು. ಮನೆಯಲ್ಲಿ ಅತ್ತೆ ಅವಳ ಜೊತೆ ನೇರವಾಗಿ ಮಾತಾಡತೊಡಗಿದ್ದರು.

ಇದನ್ನು ಬಿಡಿಸಿ ಹೇಳಬೇಕು. ಮಹಾನಂದಾ ಸೊಸೆಯಾಗಿ ಈ ಮನೆಗೆ ಬಂದು ಹದಿನಾಲ್ಕು ವರ್ಷ. ಅತ್ತೆ ಕಾಶವ್ವ ಗುಳೇದಗುಡ್ಡದ ಕುಪ್ಪಸದ ಖಣ ನೇಯುತ್ತಿದ್ದವರು. ಗಂಡ ಸತ್ತ ಮೇಲೂ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಮಗ ಶಿವಪುತ್ರನನ್ನು ಓದಿಸಿದ ಗಟ್ಟಿಗಿತ್ತಿ. ಮದುವೆಯಾದ ವರ್ಷವೇ ಪಶುವೈದ್ಯೆಯಾದ ಸೊಸೆ ದನದ ಹೊಟ್ಟೆಗೆ ಕೈ ಹಾಕಿ ಬಂದು ಅದೇ ಸೀರೆಯಲ್ಲಿ ಒಲೆ ಹೊತ್ತಿಸಿದಳು ಎಂಬಲ್ಲಿಂದ ಹತ್ತಿದ ಜಗಳ ಮಾತು ಬಿಡುವವರೆಗೆ ಹೋಯಿತು. ಶಿವಪುತ್ರ ಸೊಲ್ಲಾಪುರದ ಬಸ್ಸಿನ ಚಾಲಕ, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುತ್ತಿರಲಿಲ್ಲ. ಮೂರು ವಾರ ಆ ಮನೆಯಲ್ಲಿ ಪಾತ್ರೆಗಳ ಸಪ್ಪಳ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಷ್ಟರಲ್ಲಿ ಮಹಾನಂದಾ ಬೀದಿಯಲ್ಲಿ ಬಿದ್ದಿದ್ದ ಒಂದು ಬಿಳಿಯ ನಾಯಿಮರಿಯನ್ನು ಎತ್ತಿ ತಂದಳು. ಮಾರನೆಯ ದಿನ ಕಾಶವ್ವ ಆ ಮರಿಯನ್ನು ಎದುರಿಗೆ ಕೂರಿಸಿಕೊಂಡು, ಅನ್ನ ಆರುತ್ತದೆ, ನಿಮ್ಮ ಡಾಕ್ಟರಮ್ಮನಿಗೆ ಉಣ್ಣಲು ಹೇಳು ಎಂದರು. ಮರಿ ಬಾಲ ಆಡಿಸಿತು. ಸೊಸೆ ಬಂದು ಉಂಡಳು. ಉಂಡ ಮೇಲೆ, ಸಾರಿಗೆ ಉಪ್ಪು ಸ್ವಲ್ಪ ಮುಂದಾಗಿದೆ ಎಂದು ನಿಮ್ಮ ಅವ್ವನಿಗೆ ಹೇಳು ಎಂದು ಅವಳೂ ಮರಿಗೇ ಹೇಳಿದಳು.

ಅಂದಿನಿಂದ ಮೋತಿ ಆ ಮನೆಯ ಟಪಾಲಿನವಳು. ಜಗಳ ಎಂದೋ ಮುಗಿದುಹೋಗಿತ್ತು, ರೂಢಿ ಉಳಿದುಬಿಟ್ಟಿತ್ತು. ಬಯ್ಯುವುದಿರಲಿ, ಮುದ್ದು ಮಾಡುವುದಿರಲಿ, ಹೇಳಲೇಬೇಕಾದ ಮಾತೆಲ್ಲ ಮೋತಿಯ ಕಿವಿಗೆ ಬಿದ್ದೇ ಆಚೆ ದಾಟಬೇಕು. ಮಹಾನಂದಾಗೆ ಎರಡು ಸಲ ಹೊಟ್ಟೆಯ ಕೂಸು ಉಳಿಯದೆ ಹೋದಾಗ ಕಾಶವ್ವ ನಾಯಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಆಕೆ ಅಳಲಿ, ಅತ್ತು ಹಗುರಾಗಲಿ, ನಾನಿದ್ದೇನೆ ಎಂದು ಹೇಳು ಎಂದಿದ್ದರು. ಅಂಥ ಮಾತನ್ನು ನೇರವಾಗಿ ಆಡಲು ಇಬ್ಬರಿಗೂ ಬಾಯಿ ಬರುತ್ತಿರಲಿಲ್ಲ. ನೇರ ಮಾತೇನಿದ್ದರೂ ಬಂದುಹೋಗುವ ನೆಂಟರ ಜೊತೆ.

ಈಗ ಎಂಟು ದಿನದಿಂದ ಕಾಶವ್ವ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಮಹಾನಂದಾ, ಹಾಲಿನವನಿಗೆ ಮುಂದಿನ ತಿಂಗಳಿಂದ ಅರ್ಧ ಲೀಟರ್ ಕಡಿಮೆ ಹೇಳು. ಮಹಾನಂದಾ, ಶಿವಪುತ್ರನಿಗೆ ಚಹಾ ಮಾಡುವುದು ಕಲಿಸು, ದಡ್ಡ, ಒಲೆ ಹೊತ್ತಿಸಲೂ ಬರುವುದಿಲ್ಲ. ದನಿಯಲ್ಲಿ ಕೋಪವೂ ಇಲ್ಲ, ಏನೂ ಇಲ್ಲ. ನೆಂಟರ ಮನೆಯಿಂದ ಹೊರಡುವ ಮುಂಚೆ ಆಡುವಂಥ ಮಾತು. ಮೋತಿ ಇಬ್ಬರ ಮುಖವನ್ನೂ ನೋಡಿ ನೋಡಿ, ತನಗೆ ಕೆಲಸವಿಲ್ಲವೆಂದು ತಿಳಿದು ಬಾಗಿಲ ಮೂಲೆಗೆ ಹೋಗಿ ಮುದುಡಿಕೊಳ್ಳುತ್ತಿತ್ತು. ಅತ್ತೆಯ ಊಟವೂ ಇಳಿದಿತ್ತು. ಕಟಿಕಟಿ ಜೋಳದ ರೊಟ್ಟಿ ಕಡಿಯುತ್ತಿದ್ದವರು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದರು. ಅವರ ಮನಸ್ಸಿಗೆ ಏನು ನೋವಾಗಿದೆಯೋ ಎಂದು ಹೆದರಿ ಮಹಾನಂದಾ ಅವರಿಗೆ ಪ್ರಾಣವಾದ ಗೋಧಿ ಹುಗ್ಗಿ ಮಾಡಿ, ತುಪ್ಪ ಸುರಿದು ಮುಂದಿಟ್ಟಿದ್ದಳು. ಕಾಶವ್ವ ಬಟ್ಟಲನ್ನು ಬಹಳ ಹೊತ್ತು ನೋಡುತ್ತ ಕೂತರು. ಆಮೇಲೆ ತಲೆಯೆತ್ತಿ, ಚಲೋ ಮಾಡಿದ್ದೀಯವ್ವ ಎಂದರು. ಕಣ್ಣು ತುಂಬಿದ್ದವು. ಹುಗ್ಗಿಗೆ ಕಣ್ಣೀರು ಹಾಕುವ ಹೆಂಗಸಲ್ಲ ಅದು.

ಗುಟ್ಕಾ ಎಮ್ಮೆ ಬಂದ ಮಾರನೆಯ ದಿನ ಕೇಂದ್ರದಲ್ಲಿ ತೋಳದ ಗಲಾಟೆ. ಕಾಡಿನ ಗಾರ್ಡ್ ಒಬ್ಬ ಗವಿಯ ಬಾಯಲ್ಲಿ ಇಟ್ಟಿದ್ದ ಪಟ್ಟಿಯಲ್ಲಿ ಗಡ್ಡೆಯ ಗುರುತು ಸಿಕ್ಕಿ, ಬಿಟ್ಟುಬಿಡಿ ಎಂಬ ಓಲೆ ಹೋಗಿತ್ತು. ಅವನು ಕೇಳಲಿಲ್ಲ. ಮುದಿ ತೋಳಕ್ಕೆ ಉಳಿದ ತೋಳಗಳು ಬಾಯಲ್ಲಿ ಮಾಂಸ ಹೊತ್ತು ತಂದು ಹಾಕುತ್ತಿವೆ, ಅವೇ ಬಿಡದಿರುವಾಗ ನಾವು ಹೇಗೆ ಬಿಡೋಣ ಎಂದು ಫೋನಿನಲ್ಲಿ ವಾದಕ್ಕೆ ಬಿದ್ದಿದ್ದ. ಅವನಿಗೆ ನಿಯಮ ತಿಳಿಸಿ ಹೇಳುವಷ್ಟರಲ್ಲಿ ಮಹಾನಂದಾಗೆ ತನ್ನ ಓಲೆಯ ಮೇಲೆ ತನಗೇ ಬೇಸರ ಬಂತು. ಫೋನಿಟ್ಟು ತಿರುಗಿದರೆ ರಿಯಾಜ್ ನಿಂತಿದ್ದ, ಕೈಯಲ್ಲಿ ನೋವಿನ ಔಷಧದ ಯಾದಿ.

ಮೂರನೆಯ ಓಲೆಯ ಕೊನೆಗೆ ಒಂದು ಫೋನ್ ಸಂಖ್ಯೆ ಇರುತ್ತಿತ್ತು. ಪ್ರಾಣಿಗೆ ನೋವು ಹೆಚ್ಚಾದರೆ ಆ ಸಂಖ್ಯೆಗೆ ತಿಳಿಸಬೇಕು, ಕೇಂದ್ರದವರು ಮನೆಗೇ ಔಷಧ ಮುಟ್ಟಿಸುತ್ತಾರೆ. ಹಾಗೆ ಕೇಳಿದವರ ಹೆಸರು ದಿನಾ ಬೆಳಿಗ್ಗೆ ಯಾದಿಯಾಗಿ ಬಂದು ಮಹಾನಂದಾಳ ಸಹಿಗೆ ಕಾಯುತ್ತಿತ್ತು. ರಿಯಾಜ್ ಆ ಯಾದಿಯನ್ನು ಮೇಜಿನ ಮೇಲಿಡದೆ ಕೈಯಲ್ಲೇ ಹಿಡಿದುಕೊಂಡಿದ್ದ.

“ಮೇಡಂ, ಕೂಡ್ರಿ ಸ್ವಲ್ಪ,” ಎಂದ. “ಇದರಾಗ ನಿಮ್ಮ ಮೋತಿ ಹೆಸರೈತಿ.”

ಕೇಂದ್ರದ ನೌಕರರ ಮನೆಯ ನಾಯಿ ಬೆಕ್ಕುಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ತರಿಸಿಕೊಳ್ಳುವ ಪದ್ಧತಿಯಿತ್ತು. ಆರೋಗ್ಯವಾಗಿರುವ ಪ್ರಾಣಿಯ ಉಸಿರು ಹೇಗಿರುತ್ತದೆಂದು ಯಂತ್ರಕ್ಕೆ ನೆನಪಿಸಲು ಅದು ಬೇಕು. ಓದುವವರ ಕೈ ನಡುಗಬಾರದೆಂದು ಅವಕ್ಕೆ ಹೆಸರಿರುತ್ತಿರಲಿಲ್ಲ, ಬರೀ ಅಂಕಿ. ಓಲೆಯೂ ಯಂತ್ರದಿಂದ ನೇರವಾಗಿ ಮನೆಯ ಫೋನಿಗೆ ಹೋಗುತ್ತಿತ್ತು. ಮೋತಿಗೆ ಮಹಾನಂದಾ ಬರೆಸಿದ್ದದ್ದು ಕಾಶವ್ವನ ಸಂಖ್ಯೆ. ಹಗಲೆಲ್ಲ ನಾಯಿಯ ಜೊತೆ ಇರುವವರು ಅವರೇ, ಮೂಗಿಗೆ ಪಟ್ಟಿ ಹಿಡಿಯುವವರೂ ಅವರೇ. ಹೋದ ತಿಂಗಳೂ ಹಿಡಿದು, ಲಕೋಟೆಯಲ್ಲಿ ಹಾಕಿ, ಸೊಸೆಯ ಬುತ್ತಿಚೀಲದಲ್ಲಿ ಇಟ್ಟಿದ್ದರು. ಅವಳು ಅದನ್ನು ತಂದು ತಾನೇ ಪೆಟ್ಟಿಗೆಗೆ ಹಾಕಿದ್ದಳು.

ಯಾದಿಯಲ್ಲಿ ಫೋನು ಎತ್ತಿಕೊಂಡವರು ಹೀಗೆ ಬರೆದಿದ್ದರು: ಮೋತಿ, ಹೆಣ್ಣು ನಾಯಿ, ಹದಿಮೂರು ವರ್ಷ, ಗುಳೇದಗುಡ್ಡ, ಓಲೆ ಹೋಗಿ ಹತ್ತು ದಿನ. ಬಾಯಲ್ಲಿ ನೋವು, ನುಂಗಲು ಕಷ್ಟ. ಔಷಧ ಕಳಿಸಬೇಕು. ಡಾಕ್ಟರಮ್ಮನ ಕೈಯಲ್ಲಿ ಮಾತ್ರ ಕಳಿಸಬಾರದೆಂದು ಮನೆಯವರ ಕೋರಿಕೆ, ಅವರಿಗೆ ತ್ರಾಸಾಗುತ್ತದಂತೆ.

ಮಹಾನಂದಾ ಯಾದಿಯನ್ನು ಎರಡು ಸಲ ಓದಿದಳು. ಮೋತಿಗೆ ಗಡ್ಡೆ. ಹತ್ತು ದಿನದ ಹಿಂದೆಯೇ ಓಲೆ ಹೋಗಿದೆ. ಅತ್ತೆ ಅದನ್ನು ಸೊಸೆಗೆ ಹೇಳದೆ ಒಬ್ಬರೇ ನುಂಗಿಕೊಂಡಿದ್ದಾರೆ. ಮನೆ ಏಕೆ ಹಾಗಿತ್ತೆಂದು ಈಗ ತಿಳಿಯಿತು ಎಂದುಕೊಂಡಳು. ನಾಯಿ ಹೋಗುತ್ತದೆಂದು ತಿಳಿದೇ ಅವರು ನಾಯಿಯಿಲ್ಲದೆ ಮಾತಾಡುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಾರೆ ಎಂದು ಲೆಕ್ಕ ಹಾಕಿ ಅವಳಿಗೆ ಅಳುವೇ ಬಂತು. ಮೋತಿಯ ಪಟ್ಟಿಯನ್ನು ಹುಡುಕಿ ಇನ್ನೊಮ್ಮೆ ಓದಿಸು ಎಂದು ರಿಯಾಜ್‌ಗೆ ಹೇಳಿ, ಮಧ್ಯಾಹ್ನದ ಉರಿಬಿಸಿಲಲ್ಲಿ ಗಾಡಿ ಹತ್ತಿ ಗುಡ್ಡ ಇಳಿದಳು.

ಮನೆಯ ತಲೆಬಾಗಿಲು ತೆರೆದೇ ಇತ್ತು. ಕಾಶವ್ವ ಮಗ್ಗದ ಕುಣಿಯ ದಂಡೆಯ ಮೇಲೆ ಕೂತು ಹಳೆಯ ಖಣಗಳನ್ನು ಗಂಟು ಕಟ್ಟುತ್ತಿದ್ದರು. ನಾಲ್ಕೈದು ಗಂಟುಗಳಾಗಿದ್ದವು, ಒಂದೊಂದರ ಮೇಲೂ ಒಂದೊಂದು ಚೀಟಿ. ಪಕ್ಕದ ತಾಟಿನಲ್ಲಿ ಹಾಲಿನಲ್ಲಿ ನೆನೆದ ರೊಟ್ಟಿ. ಇಷ್ಟು ಬೇಗ ಬಂದೆಯಾ ಎಂದು ಸೊಸೆಯನ್ನು ನೇರವಾಗಿಯೇ ಕೇಳಿದರು. ಮಹಾನಂದಾ ನೇರ ಹೋಗಿ ನಾಯಿಯ ಹತ್ತಿರ ಮಂಡಿಯೂರಿದಳು. ಮೋತಿ ಅವಳ ಕೆನ್ನೆ ನೆಕ್ಕಿತು. ಬಾಯಿ ಬಿಡಿಸಿ ನೋಡಿದಳು. ಮುದಿ ಹಲ್ಲು, ಆದರೆ ಒಸಡು ಗುಲಾಬಿ ಬಣ್ಣಕ್ಕಿತ್ತು. ನಾಲಿಗೆಯ ಕೆಳಗೆ, ಕೆನ್ನೆಯ ಒಳಗೆ, ಗಂಟಲವರೆಗೆ ಬೆರಳಾಡಿಸಿದಳು. ಕುತ್ತಿಗೆ, ಕಂಕುಳು, ಹೊಟ್ಟೆ, ಮೊಲೆಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಎಲ್ಲಿಯೂ ಏನೂ ಇರಲಿಲ್ಲ. ಅಷ್ಟು ಒತ್ತಿದ್ದಕ್ಕೆ ಮೋತಿ ಖುಷಿಯಾಗಿ ಹೊರಳಿ ಕಾಲು ಮೇಲೆ ಮಾಡಿಕೊಂಡಿತು. ಬಾಯಿ ನೋಯುವ ನಾಯಿ ಹೀಗಿರುವುದಿಲ್ಲ ಎಂದು ಯಾರಾದರೂ ಹೇಳಿಯಾರು, ಅದಕ್ಕೆ ಡಾಕ್ಟರೇ ಬೇಕಿಲ್ಲ.

ಅಷ್ಟರಲ್ಲಿ ಫೋನು ಗುಂಯ್ಗುಟ್ಟಿತು. ರಿಯಾಜ್. ದನಿಯಲ್ಲಿ ನಿನ್ನೆಯ ತಮಾಷೆ ಇರಲಿಲ್ಲ.

“ಮೇಡಂ, ಆ ಪಟ್ಟೀ ಮ್ಯಾಲ ಸುಣ್ಣ ಐತ್ರಿ. ಲವಂಗ ಐತಿ, ತಂಬಾಕ ಐತಿ.” ಆಮೇಲೆ ಕೇಳಿದ, “ನಿಮ್ಮನಿಯಾಗ ಯಾರರೆ ಎಲಿ ಹಾಕ್ಕೊಳ್ತಾರೇನ್ರಿ?”

ಮಹಾನಂದಾ ತಲೆಯೆತ್ತಿದಳು. ಕಾಶವ್ವನ ಸೊಂಟದಲ್ಲಿ ಎಲೆಸಂಚಿ ಇತ್ತು, ನಲವತ್ತು ವರ್ಷದಿಂದ ಅಲ್ಲೇ ಇದ್ದದ್ದು. ತುಟಿ ಮಾತ್ರ ಒಣಗಿತ್ತು. ಅವರು ಎಲೆ ಹಾಕಿಕೊಂಡದ್ದನ್ನು ಕೊನೆಗೆ ನೋಡಿದ್ದು ಯಾವಾಗ? ಹಾಲು ರೊಟ್ಟಿ ಎಂದಿನಿಂದ ಸುರುವಾಯಿತು? ಎಂಟು ದಿನವಲ್ಲ, ಎರಡು ತಿಂಗಳು, ಇಲ್ಲ, ಮೂರು. ಮೇವು ಬಿಟ್ಟ ಎತ್ತನ್ನು ಕಂಡರೆ ಮೊದಲು ಬಾಯಿ ನೋಡಿ ಎಂದು ಊರೂರಿಗೆ ಹೋಗಿ ಪಾಠ ಹೇಳುವವಳು ಅವಳು. ತನ್ನದೇ ಮನೆಯಲ್ಲಿ ದಿನವೂ ಎದುರಿಗೆ ಕೂತು ಉಂಡಿದ್ದಳು, ಅತ್ತೆಯ ತಾಟಿನ ಕಡೆ ಸರಿಯಾಗಿ ನೋಡಿರಲಿಲ್ಲ. ಅವಳು ಫೋನಿಟ್ಟು ಅತ್ತೆಯ ಎದುರಿಗೆ ಸರಿದಳು.

“ಅತ್ತೀ, ಬಾಯಿ ತಗೀರಿ.”

“ಈಗ ನೋಡಿ ಏನ್ ಮಾಡ್ತಿ?” ಕಾಶವ್ವ ಗಂಟಿನ ತುದಿ ಬಿಗಿದರು. “ಎಲ್ಲಾ ತಿಳದಽ ಬರದಿದ್ದಿ ಅಲ್ಲ?”

ಏನು ಬರೆದೆ ಎಂದು ಕೇಳುವಾಗಲೇ ಮಹಾನಂದಾಗೆ ಉತ್ತರ ಗೊತ್ತಿತ್ತು. ಕಾಶವ್ವ ಫೋನು ತೆಗೆಯಲಿಲ್ಲ, ಕನ್ನಡಕ ಹುಡುಕಲಿಲ್ಲ. ನಾಲ್ಕನೆಯ ಇಯತ್ತೆ ಓದಿದವರು ಪದ್ಯ ಒಪ್ಪಿಸುವ ಹಾಗೆ ಗೋಡೆ ನೋಡುತ್ತ ಇಡೀ ಓಲೆ ಒಪ್ಪಿಸಿದರು. ಅರ್ಬುದವು ಎರಡನೆಯ ಹಂತದಲ್ಲಿದೆ. ವಯಸ್ಸನ್ನು ಗಮನಿಸಿದರೆ ಚಿಕಿತ್ಸೆಯಿಂದ ಹಿಂಸೆಯಾಗುವುದೇ ಹೊರತು ಪ್ರಯೋಜನವಾಗಲಾರದು. ಇಷ್ಟು ವರ್ಷ ನಿಮ್ಮ ಮನೆಯನ್ನು ಕಾಯ್ದ ಜೀವವಿದು. ಉಳಿದ ದಿನಗಳನ್ನು ತನ್ನವರ ನಡುವೆ ನೆಮ್ಮದಿಯಿಂದ ಕಳೆಯಲಿ. ಇಷ್ಟವಾದುದನ್ನು ತಿನ್ನಲು ಕೊಡಿ. ಇತಿ, ಡಾಕ್ಟರ್ ಮಹಾನಂದಾ ಕಮತಗಿ.

ಒಂದಕ್ಷರ ತಪ್ಪಿರಲಿಲ್ಲ. ಜನ ಕಟ್ಟು ಹಾಕಿಸಿಕೊಂಡ ಓಲೆ, ಅತ್ತೆಯ ಬಾಯಲ್ಲಿ ಕೇಳುವಾಗ ಮಹಾನಂದಾಗೆ ಅದರ ಪ್ರತಿಯೊಂದು ಮೆತ್ತನೆಯ ಶಬ್ದವೂ ಕ್ರೂರವಾಗಿ ಕೇಳಿಸಿತು.

“ಚಲೋ ಬರದಿ,” ಎಂದರು ಕಾಶವ್ವ. “ನನಗ ಸಿಟ್ಟಿಲ್ಲ. ನಾ ಮೋತಿ ಹೆಸರಲೆ ನನ್ನ ಉಸುರು ಕಳಿಸಿ ಕೇಳಿದೆ, ನೀ ಮೋತಿ ಹೆಸರಲೆ ಹೇಳಿದಿ. ನಾವು ಮೊದಲಿಂದಾನೂ ಹಂಗಽ ಅಲ್ಲೇನು? ಮ್ಯಾಲ ಹುಗ್ಗೀನೂ ಮಾಡಿ ಹಾಕಿದಿ.”

ಮಹಾನಂದಾ ಕುಣಿಯ ದಂಡೆಯ ಮೇಲೆ ಅತ್ತೆಯ ಪಕ್ಕ ಬಂದು ಕೂತಳು. ಆಮೇಲೆ ಒಂದೇ ಉಸಿರಿಗೆ ಏನೇನೋ ಹೇಳಿದಳು. ಯಂತ್ರಕ್ಕೆ ನಾಯಿ ಯಾವುದು ಮನುಷ್ಯರು ಯಾರು ಎಂದು ಗೊತ್ತಾಗುವುದಿಲ್ಲ ಎಂದಳು, ಚೀಟಿ ಎಂದಳು, ಅಂಕಿ ಎಂದಳು, ಸಹಿ ತಾನೇ ಬೀಳುತ್ತದೆ, ನಾನು ನೋಡಿಯೇ ಇರಲಿಲ್ಲ ಎಂದಳು. ಕಾಶವ್ವ ತಾಳ್ಮೆಯಿಂದ ಕೇಳಿಸಿಕೊಂಡರು. ಸೊಸೆ ಡಾಕ್ಟರು, ಸೊಸೆಯ ಆಫೀಸು, ಸೊಸೆಯ ಬುತ್ತಿಚೀಲದಲ್ಲೇ ಹೋದ ಪಟ್ಟಿ, ಕೆಳಗೆ ಸೊಸೆಯ ಹೆಸರು. ಅತ್ತೆಯ ಉಸಿರು ಅವಳಿಗೆ ತಿಳಿಯದೆ ಹೋಯಿತೆಂದರೆ ಯಾರು ನಂಬುತ್ತಾರೆ? ಇದೆಲ್ಲ ಸಮಾಧಾನಕ್ಕೆ ಹೇಳುವ ಮಾತು ಎಂದು ಅವರು ತೀರ್ಮಾನಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ಬಿಡು, ಹೋಗಲಿ, ನಿನಗೆ ಖಣದ ದೊಡ್ಡ ಗಂಟು ತೆಗೆದಿಟ್ಟಿದ್ದೇನೆ ಎಂದು ಮಾತು ತಿರುಗಿಸಿದರು.

ಹೆದರಿಕೆಯೆಂದರೇನೆಂದು ಮಹಾನಂದಾಗೆ ಆಗ ಗೊತ್ತಾಯಿತು. ಗಡ್ಡೆ ಎರಡನೆಯ ಹಂತದಲ್ಲಿತ್ತು. ಅರವತ್ತನಾಲ್ಕರ ಹೆಂಗಸಿಗೆ ಅದು ಕತ್ತರಿಸಿ ತೆಗೆಯಬಹುದಾದದ್ದು, ಹತ್ತರಲ್ಲಿ ಏಳು ಜನ ಎದ್ದು ಮನೆಗೆ ಬರುತ್ತಾರೆ. ಆದರೆ ಪಟ್ಟಿಗೆ ಉಸಿರು ಹಿಡಿದು ತಿಂಗಳಾಗುತ್ತ ಬಂದಿತ್ತು. ಇನ್ನೊಂದು ತಿಂಗಳು ಇವರು ಹೀಗೆ ಗಂಟು ಕಟ್ಟುತ್ತ ಕೂತರೆ ಗಡ್ಡೆ ದವಡೆಗೆ ಇಳಿಯುತ್ತದೆ, ಆಮೇಲೆ ಮೂರನೆಯ ಓಲೆಯೇ ನಿಜವಾಗುತ್ತದೆ. ಕೈ ಹಿಡಿದು ಎಳೆದುಕೊಂಡು ಹೋಗಲು ಕಾಶವ್ವ ಕರುವಲ್ಲ. ಅವರು ಸೊಸೆಯ ಮಾತು ನಂಬಬೇಕು. ನೇರವಾಗಿ ಆಡಿದ ಮಾತಿಗೆ ಈ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಬೆಲೆಯೇ ಇಲ್ಲ.

ಅವಳು ಕಣ್ಣೊರೆಸಿಕೊಂಡು ಮೋತಿಯನ್ನು ಎಳೆದು ಇಬ್ಬರ ನಡುವೆ ಕೂರಿಸಿದಳು. ಅದರ ಎರಡೂ ಕಿವಿ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು.

“ಮೋತಿ, ನಿಮ್ಮ ಅವ್ವಗ ಹೇಳು,” ಎಂದಳು. “ಆ ಓಲೆ ನಿಂದು. ಹದಿಮೂರು ವರ್ಷದ ನಾಯೀಗೆ ಬರದದ್ದು. ಆಕೀಗೆ ಬರಿಯೂದು ಬ್ಯಾರೆ ಐತಿ, ಅದರಾಗ ನಾಳೇನಽ ಬರ್ರಿ ಅಂತ ಐತಿ. ಮೂರು ತಿಂಗಳಾತು ಆಕಿ ಹಾಲಾಗ ರೊಟ್ಟಿ ನೆನಸಾಕತ್ತಿ, ಊರ ದನದ ಬಾಯಿ ನೋಡೂ ನಾನು ಆಕಿ ಬಾಯಿ ನೋಡಲಿಲ್ಲ. ಅದು ನಂದು ತಪ್ಪು, ಅದಕ್ಕ ಬಯ್ಯಲಿ. ಆದ್ರ ನಾ ಆಕೀನ ಬಿಟ್ಟೆ ಅಂತ ಮಾತ್ರ ತಿಳಕೋಬಾರದು. ಆಕಿ ಇಲ್ಲದ ಮನಿಯಾಗ ನನಗ ಇರಾಕ ಆಗೂದಿಲ್ಲ ಅಂತ ಹೇಳು.”

ಹೇಳಿ ಮುಗಿಸಿ ಅವಳು ನಾಯಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಬಿಕ್ಕಿದಳು. ಎಷ್ಟೋ ದಿನದ ಮೇಲೆ ಕೆಲಸ ಸಿಕ್ಕಿದ್ದಕ್ಕೆ ಮೋತಿಯ ಬಾಲ ಗಾರೆ ನೆಲಕ್ಕೆ ಪಟಪಟ ಬಡಿಯತೊಡಗಿತು. ಓಣಿಯಲ್ಲಿ ಯಾರದೋ ಮಗ್ಗ ಟಕಟಕ ಎನ್ನುತ್ತಿತ್ತು. ಕಾಶವ್ವ ಕಟ್ಟಿದ ಗಂಟೊಂದನ್ನು ಬಿಚ್ಚಿದರು, ಮತ್ತೆ ಕಟ್ಟಿದರು, ಮತ್ತೆ ಬಿಚ್ಚಿ ಹಾಗೇ ಬಿಟ್ಟರು. ಕೊನೆಗೆ ಎದ್ದು ಬಾಗಿಲ ಬೆಳಕಿಗೆ ಬಂದು ಕೂತು, ಸೊಸೆಯ ಕಡೆ ನೋಡದೆ ಬಾಯಿ ತೆರೆದರು. ಪೂರ್ತಿ ತೆರೆಯಲು ಆಗಲಿಲ್ಲ.

ಮಹಾನಂದಾ ಫೋನಿನ ದೀಪ ಹಾಕಿದಳು. ಎಡಗೆನ್ನೆಯ ಒಳಗೆ, ಎಲೆಯ ಉಂಡೆ ಇಡುವ ಜಾಗದಲ್ಲೇ, ಬೆಳ್ಳಗೆ ಗಟ್ಟಿಯಾದ ಒಂದು ಹುಣ್ಣು. ಅಂಚು ಕೆಂಪಗೆ ಎದ್ದಿತ್ತು, ಹುಣ್ಣು ಅಡಿಕೆಯಷ್ಟು ದೊಡ್ಡದಿತ್ತು. ದವಡೆ ಇನ್ನೂ ಮುಟ್ಟಿದಂತೆ ಕಾಣಲಿಲ್ಲ. ಕಾಣಲಿಲ್ಲ ಎಂದಷ್ಟೇ ಅವಳು ಹೇಳಬಲ್ಲಳು, ಒಳಗೆ ಏನಿದೆಯೋ ನಾಳೆ ಆಸ್ಪತ್ರೆಯವರು ನೋಡಿ ಹೇಳಬೇಕು. 

ಕಾಶವ್ವ ಬಾಯಿ ಮುಚ್ಚಿಕೊಂಡು ಸೆರಗಿನಿಂದ ತುಟಿ ಒರೆಸಿಕೊಂಡರು. ಸೊಂಟದ ಎಲೆಸಂಚಿ ಬಿಚ್ಚಿ ಖಣದ ಗಂಟುಗಳ ಮೇಲೆ ಎಸೆದರು. ಆಮೇಲೆ ನಾಯಿಯ ಕಡೆ ತಿರುಗಿ, ಹದಿನಾಲ್ಕು ವರ್ಷದ ಅದೇ ಗಡಸು ದನಿಯಲ್ಲಿ ಹೇಳಿದರು:

“ಮೋತಿ, ನಿಮ್ಮ ಡಾಕ್ಟರಮ್ಮನ್ನ ಕೇಳು, ನಾಳೆ ಎಷ್ಟ ಗಂಟೇಕ ಹೋಗೂದಂತ.”